ಹಳದಿ ಬನಿಯನ್ನು ಹಂಚಿದವನು

ಆ ದೇಶದ ಫುಟ್‌ಬಾಲ್ ತಂಡ ಗೆದ್ದದ್ದನ್ನು ನೋಡಿದವರೂ ಇದ್ದರು, ಇಲ್ಲವೆಂದಲ್ಲ. ಆದರೆ ಅವರೆಲ್ಲ ಈಗ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವರು. ಉಳಿದವರಿಗೆ ತಂಡವೆಂದರೆ ಸೋಲು, ಸೋಲೆಂದರೆ ಟೀ ಅಂಗಡಿಯಲ್ಲಿ ಹೊತ್ತು ಕಳೆಯುವ ಮಾತು.

"ನಮ್ಮವರು ಆಡೋದು ಫುಟ್‌ಬಾಲ್ ಅಲ್ಲ ಕಣಯ್ಯಾ, ಅತಿಥಿ ಸತ್ಕಾರ. ಬಂದವರನ್ನ ಬಾಗಿಲಲ್ಲಿ ನಿಲ್ಲಿಸಬಾರದು ಅಂತ ಸೀದಾ ಗೋಲಿನೊಳಕ್ಕೇ ಕರ್ಕೊಂಡು ಹೋಗ್ತಾರೆ."

"ಹಾಸಿಗೆ ಹಾಸಿಕೊಡೋದು ಒಂದು ಬಾಕಿ."

ಇಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ತಂಡದ ಉಪಕೋಚ್ ಟೀ ಅರ್ಧಕ್ಕೇ ಬಿಟ್ಟು ಎದ್ದು ಬರುತ್ತಿದ್ದ. ಬಂದಮೇಲೆ, ಹಾಗೆ ಬಿಟ್ಟುಬಂದದ್ದು ಅಂಗಡಿಯವನಿಗೆ ಬೇಜಾರಾಯಿತೇನೋ ಎಂದು ಇನ್ನೊಂದು ಚಿಂತೆ. ಚಿಂತೆ ಅವನ ಹುಟ್ಟುಗುಣ. ಬಾಗಿಲಿಗೆ ಬೀಗ ಹಾಕಿ ಎಳೆದು ನೋಡುವುದು, ಎಳೆದು ನೋಡಿದೆನೋ ಇಲ್ಲವೋ ಎಂದು ಅರ್ಧ ಮೆಟ್ಟಿಲಿಂದ ವಾಪಸ್ಸು ಬರುವುದು.

"ನೀವು ಗೋಲ್‌ಕೀಪರ್ ಆಗಬೇಕಿತ್ತು ಕಣ್ರೀ" ಎಂದು ಹೆಂಡತಿ ನಗುತ್ತಿದ್ದಳು. "ಬಾಲ್ ಹಿಡಿದ ಮೇಲೂ, ಹಿಡಿದೆನಾ ಅಂತ ಇನ್ನೊಂದು ಸಲ ನೋಡ್ಕೋತಿದ್ರಿ."

ಆ ಹೆಂಡತಿ ಕೋಚಿನ ತಂಗಿ. ಹಾಗಾಗಿ ಉಪಕೋಚ್ ಕೋಚನ್ನು ಭಾವ ಅನ್ನುತ್ತಿದ್ದ, ಕೋಚ್ ಕೂಡ ಇವನನ್ನು ಭಾವ ಅನ್ನುತ್ತಿದ್ದ. ಮೈದಾನದ ಈ ತುದಿಯಿಂದ "ಭಾವಾ" ಎಂದು ಕೂಗಿದರೆ ಆ ತುದಿಯಿಂದ "ಏನು ಭಾವಾ" ಎಂದು ಉತ್ತರ. ಕೇಳಿ ಕೇಳಿ ಸಾಕಾದ ಆಟಗಾರರು ಕೋಚಿಗೆ ದೊಡ್ಡ ಭಾವ, ಉಪಕೋಚಿಗೆ ಸಣ್ಣ ಭಾವ ಎಂದು ಹೆಸರಿಟ್ಟರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ.

ಇಬ್ಬರೂ ಒಂದು ಕಾಲಕ್ಕೆ ಅದೇ ತಂಡಕ್ಕೆ ಆಡಿದವರು. ಗೋಲಿನ ಮುಂದೆ ನಡುವಿನಲ್ಲಿ ದೊಡ್ಡ ಭಾವ, ಅವನ ಎಡಕ್ಕೆ ಸಣ್ಣ ಭಾವ. ಒಮ್ಮೆ ಕಾಲು ಉಳುಕಿಸಿಕೊಂಡ ಸಣ್ಣ ಭಾವನನ್ನು ದೊಡ್ಡ ಭಾವ ಹೆಗಲು ಕೊಟ್ಟು ತನ್ನ ಮನೆಗೆ ಕರೆದೊಯ್ದಿದ್ದ. ಬಿಸಿನೀರಿನ ಬಟ್ಟೆ ಕಟ್ಟಿದ್ದು ತಂಗಿ. ಕಾಲು ವಾರದಲ್ಲಿ ವಾಸಿಯಾಯಿತು, ಕುಂಟುವುದು ಮಾತ್ರ ಮದುವೆಯ ತನಕ ನಿಲ್ಲಲಿಲ್ಲ. ಈಗ ಎರಡು ಸಂಸಾರವೂ ಒಂದೇ ಮನೆಯಲ್ಲಿ. ಕೆಳಗೆ ಮದುವೆಯಾಗದೆ ಉಳಿದ ದೊಡ್ಡ ಭಾವ ಮತ್ತು ಅವನ ತಾಯಿ, ಮೇಲೆ ಸಣ್ಣ ಭಾವ, ಹೆಂಡತಿ, ಶಾಲೆಗೆ ಹೋಗುವ ಮಗಳು. ನಡುವೆ ಒಂದು ಕಬ್ಬಿಣದ ಮೆಟ್ಟಿಲು. ಅದರ ಮೇಲೆ ಯಾರ ಹೆಜ್ಜೆ ಎಂದು ಎರಡೂ ಮನೆಯವರಿಗೆ ಕಣ್ಣುಮುಚ್ಚಿ ಹೇಳಲು ಬರುತ್ತಿತ್ತು.

ಕೆಲಸದಲ್ಲಿ ಕಣ್ಣು ಸಣ್ಣ ಭಾವನದು, ಗಂಟಲು ದೊಡ್ಡ ಭಾವನದು. ಪಂದ್ಯ ನಡೆಯುವಾಗ ಬೆಂಚಿನ ಮೇಲೆ ಪಕ್ಕಪಕ್ಕ ಕೂತು, ಎಡಗಡೆ ಸೋರುತ್ತಿದೆ, ಇಂಥವನಿಗೆ ಉಸಿರು ಹತ್ತುತ್ತಿದೆ ಎಂದು ಇವನು ಪಿಸುಗುಡುವುದು. ಅದರಲ್ಲಿ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟು, ಅವನು ಎದ್ದು ನಿಂತು ಕೂಗುವುದು. ತಪ್ಪಾದರೆ ಬೈಗುಳ ಕೂಗಿದವನಿಗೆ. ಪಿಸುಗುಟ್ಟಿದವನ ಹೆಸರನ್ನು ದೊಡ್ಡ ಭಾವ ಒಂದು ದಿನವೂ ಎತ್ತಿದವನಲ್ಲ.

ಇನ್ನು ದೊಡ್ಡ ಭಾವನದೊಂದು ಪದ್ಧತಿ ಇತ್ತು. ಆಡುವ ಹನ್ನೊಂದು ಮಂದಿ ಯಾರೆಂದು ಅವನು ಪಟ್ಟಿ ಓದುತ್ತಿರಲಿಲ್ಲ, ಗೋಡೆಗೂ ಅಂಟಿಸುತ್ತಿರಲಿಲ್ಲ. ಹುಡುಗನಾಗಿದ್ದಾಗ ಒಮ್ಮೆ, ಎಲ್ಲರೂ ನೋಡುತ್ತಿರುವಾಗ, ಗೋಡೆಯ ಪಟ್ಟಿಯಲ್ಲಿ ಬೆರಳಿಟ್ಟು ಮೇಲಿಂದ ಕೆಳಗಿನ ತನಕ ಹುಡುಕಿ ತನ್ನ ಹೆಸರಿಲ್ಲವೆಂದು ತಿಳಿದುಕೊಂಡಿದ್ದನಂತೆ. ಆ ಬೆರಳು ಇನ್ನೂ ಉರಿಯುತ್ತದೆ ಅನ್ನುತ್ತಿದ್ದ. ಅದಕ್ಕೇ ಪಂದ್ಯದ ಹಿಂದಿನ ದಿನ ಆಟಗಾರರನ್ನು ಸಾಲಾಗಿ ನಿಲ್ಲಿಸಿ, ಅಭ್ಯಾಸಕ್ಕೆ ಅಂಗಿಯ ಮೇಲೆ ತೊಡುವ ತೋಳಿಲ್ಲದ ಹಳದಿ ಬನಿಯನ್ನುಗಳ ಚೀಲ ಹೆಗಲಿಗೇರಿಸಿ, ಒಬ್ಬೊಬ್ಬರ ಮುಂದೆಯೂ ಬಂದು ನಿಲ್ಲುತ್ತಿದ್ದ. ಆಡುವವನ ಕೈಗೆ ಬನಿಯನ್ನು. ಆಡದವನ ಹೆಗಲ ಮೇಲೆ ಕೈ, ಕಿವಿಯಲ್ಲಿ ಒಂದು ಮಾತು. ಬೇರೆ ಯಾರ ಕೈಯಿಂದಲೂ ಆ ಬನಿಯನ್ನು ಯಾರೂ ಪಡೆದದ್ದಿಲ್ಲ. ಹಂಚುವವನೇ ಕೋಚು. ಇದು ತಂಡಕ್ಕೂ ಗೊತ್ತು, ಬೇಲಿಯಾಚೆ ಕ್ಯಾಮೆರಾ ಹಿಡಿದು ನಿಲ್ಲುವ ಪತ್ರಿಕೆಯವರಿಗೂ ಗೊತ್ತು.

ಬನಿಯನ್ನು ಒಗೆಯುತ್ತಿದ್ದದ್ದು ದೊಡ್ಡ ಭಾವನ ತಾಯಿ, ಅಂದರೆ ಸಣ್ಣ ಭಾವನಿಗೆ ಅತ್ತೆ. ತಂಡ ನಡೆಸುವ ಫೆಡರೇಶನ್ನಿನವರು ಹೊರಗೆ ಒಗೆಯಲು ಕೊಟ್ಟರೆ ಅವು ಹೋದದ್ದಕ್ಕಿಂತ ಹೆಚ್ಚು ವಾಸನೆ ಹೊತ್ತು ಬರುತ್ತಿದ್ದವು. "ದೇಶದ ಮಾನ ಅಂತೂ ಹೋಯ್ತು, ಬನಿಯನ್ನಾದ್ರೂ ಚೊಕ್ಕಟವಾಗಿರಲಿ" ಎಂದು ಮುದುಕಿ ಬಾರ್ ಸೋಪು ತಿಕ್ಕಿ ತಿಕ್ಕಿ ಒಗೆದು ಮಡಿಸಿಡುತ್ತಿದ್ದಳು.

ಆ ಸಲ ತಂಡ ದೂರದ ಒಂದು ಪುಟ್ಟ ದ್ವೀಪಕ್ಕೆ ಹೋಗಿ ಸೋತು ಬಂತು. ಆ ದ್ವೀಪದ ಗೋಲ್‌ಕೀಪರ್ ಮೀನು ಹಿಡಿಯುವವನು, ಪಂದ್ಯ ಮುಗಿದ ಕೂಡಲೇ ದೋಣಿ ಹತ್ತಿದ ಎಂದು ಸುದ್ದಿ. ಊರಿಗೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಯಾರೋ ಖಾಲಿ ಮೀನಿನ ಬುಟ್ಟಿ ಎಸೆದರು. ಕೋಚನ್ನು ಬದಲಾಯಿಸಿ ಎಂಬ ಕೂಗು ಅವತ್ತೇ ಶುರುವಾಯಿತು. ಮುಂದಿನ ಪಂದ್ಯ ತಮ್ಮದೇ ನೆಲದಲ್ಲಿ, ನೆರೆಯ ದೇಶದ ಮೇಲೆ. ಅದು ಸೋತರೆ ಸ್ಪರ್ಧೆಯಿಂದಲೇ ಹೊರಗೆ. ಗೆದ್ದರೂ ಬದುಕಿಕೊಳ್ಳುವ ಲೆಕ್ಕ ಕಷ್ಟವೇ.

"ಈ ಒಂದು ಪಂದ್ಯ ಕೊಡಲಿ ಸಾಕು ಭಾವ" ಎಂದು ದೊಡ್ಡ ಭಾವ ಮೆಟ್ಟಿಲ ಕೆಳಗಿನ ಕುರ್ಚಿಯಲ್ಲಿ ಕೂತು ಹೇಳಿದ. ಸಂಜೆ ಅಲ್ಲಿ ಕೂರುವುದು ಅವನ ರೂಢಿ. "ಆಮೇಲೆ ನಾನೇ ಬಿಡ್ತೀನಿ. ನಮ್ಮ ಮೈದಾನದಲ್ಲಿ, ನಮ್ಮ ಜನರ ಎದುರಿಗೆ ಎದ್ದು ಹೋಗಬೇಕು. ಹಿಂಬಾಗಿಲಿಂದ ಅಲ್ಲ."

"ಯಾರು ತೆಗೀತಾರೆ ನಿನ್ನ? ನಿನ್ನ ಜಾಗಕ್ಕೆ ಬರೋ ಹುಚ್ಚ ಯಾರಿದ್ದಾನೆ?"

"ಅದೊಂದೇ ಧೈರ್ಯ ಈಗ ನನಗೆ" ಎಂದು ಅವನು ನಕ್ಕ.

ಮೇಲೆ ಬಂದಾಗ ಹೆಂಡತಿ ಮಗಳ ಸಮವಸ್ತ್ರಕ್ಕೆ ಗುಂಡಿ ಹಾಕುತ್ತಿದ್ದಳು. ಬಸ್ ಡಿಪೋದ ಟಿಕೆಟ್ ಕೌಂಟರಿನಲ್ಲಿ ಅವಳ ಕೆಲಸ. ಇಡೀ ದಿನ ಗಾಜಿನಾಚೆಯಿಂದ ಬರುವ ಜನರ ಮಾತು ಕೇಳಿಸಿಕೊಂಡು ಬಂದಿದ್ದಳು.

"ಒಂದು ಮಾತು ಕೇಳ್ತೀರಾ? ಅಣ್ಣನ್ನ ತೆಗೆದ್ರೆ ತೆಗೀಲಿ. ನೀವೂ ಅವನ ಜೊತೆ ಎದ್ದು ಬನ್ನಿ. ಆ ಜಾಗದಲ್ಲಿ ಮಾತ್ರ ನೀವು ಕೂರಬೇಡಿ."

"ನಾನ್ಯಾಕೆ ಕೂರಲಿ? ತಲೆ ಕೆಟ್ಟಿದೆಯಾ ನಿನಗೆ?"

"ಹಾಗಲ್ಲ, ಮಾತು ಕೊಡಿ."

ಕೊಟ್ಟ. ಕೊಟ್ಟು, ಸರಿಯಾಗಿ ಕೊಟ್ಟೆನೋ ಇಲ್ಲವೋ ಎಂದು ಮಲಗುವ ಮುಂಚೆ ಇನ್ನೊಮ್ಮೆ ಕೊಟ್ಟ.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಫೆಡರೇಶನ್ನಿನ ಕಾರ್ಯದರ್ಶಿಯಿಂದ ದೊಡ್ಡ ಭಾವನಿಗೆ ಕರೆ ಬಂತು. ಐದು ನಿಮಿಷದ ಮಾತು, ಬಂದು ಹೋಗಿ ಎಂದು. ಆಫೀಸು ಊರಿನ ಆ ಕಡೆ, ಮೈದಾನ ಈ ಕಡೆ. "ಅಲ್ಲಿಂದ ಸೀದಾ ಮೈದಾನಕ್ಕೆ ಬರ್ತೀನಿ" ಎಂದು ಅವನು ಹೊರಟ. ಬನಿಯನ್ನಿನ ಚೀಲವನ್ನು ಸಣ್ಣ ಭಾವ ತನ್ನ ಸ್ಕೂಟರಿನಲ್ಲಿಟ್ಟುಕೊಂಡ. ಹಾಗೆ ಎಷ್ಟೋ ಸಲ ಆಗಿತ್ತು. ಹೊರುವುದು ಯಾರಾದರೇನು, ಹಂಚುವುದು ಅವನಲ್ಲವೇ.

ಆಟಗಾರರು ಮೈ ಬಿಸಿಮಾಡಿಕೊಂಡರು, ಎರಡು ಸುತ್ತು ಓಡಿದರು, ಬಂದು ಸಾಲಾಗಿ ನಿಂತರು. ದೊಡ್ಡ ಭಾವನ ಸುಳಿವಿಲ್ಲ. ಸಣ್ಣ ಭಾವ ಇನ್ನೆರಡು ಸುತ್ತು ಓಡಿಸಿದ. ಮತ್ತೆ ಬಂದು ಸಾಲಾಗಿ ನಿಂತರು. ಫೋನು ಮಾಡಿದರೆ ಎತ್ತಿದ್ದು ಅತ್ತೆ.

"ಅವನು ಫೋನು ಮೇಜಿನ ಮೇಲೇ ಬಿಟ್ಟು ಹೋಗಿದಾನೆ ಅಳಿಯಂದ್ರೇ. ಬರ್ತಾನೆ ಬಿಡಿ, ಎಲ್ಲಿ ಹೋಗ್ತಾನೆ?"

ಮೈದಾನದ ಮೇಸ್ತ್ರಿ ಸುಣ್ಣದ ಗಾಡಿ ತಳ್ಳಿಕೊಂಡು ಬಂದು ಅಂಚಿನಲ್ಲಿ ನಿಂತ. ನಾಳಿನ ಪಂದ್ಯಕ್ಕೆ ಗೆರೆ ಎಳೆದು, ನೀರು ಹಾಯಿಸಿ, ಬೀಗ ಹಾಕಬೇಕು. "ಬೇಗ ಮುಗಿಸಿಕೊಳ್ಳಿ ಸ್ವಾಮಿ. ನಾನು ಗೆರೆ ಎಳೆದ ಮೇಲೆ ದೇವರು ಬಂದ್ರೂ ಒಳಗೆ ಬಿಡಲ್ಲ."

ಬೇಲಿಯಾಚೆ ಪತ್ರಿಕೆಯವರಲ್ಲಿ ಒಬ್ಬ ಕೂಗಿದ. "ಏನ್ ಸಾರ್, ಕೋಚು ಹೋದ್ರಂತೆ? ನಿಜಾನಾ?"

ಸಾಲಿನಲ್ಲಿ ಗುಜುಗುಜು ಎದ್ದಿತು. ಕ್ಯಾಪ್ಟನ್ ಅದನ್ನು ಕೇಳಿಸಿಕೊಂಡು ಹತ್ತಿರ ಬಂದ. ಅವನ ಅಡ್ಡಹೆಸರು ಗೂಟ. ಎದುರಾಳಿ ಎಷ್ಟು ಸುತ್ತಿ ಹೋದರೂ ನೆಟ್ಟ ಜಾಗದಿಂದ ಕದಲುವುದಿಲ್ಲ ಎಂದು ಜನ ಇಟ್ಟದ್ದು. ಅವನಿಗೂ ಅದು ಒಗ್ಗಿಹೋಗಿತ್ತು.

"ಸಣ್ಣ ಭಾವ, ಹುಡುಗರ ಮುಖ ನೋಡಿ. ಹೀಗೇ ನಿಂತ್ರೆ ಇವರು ಇವತ್ತೇ ಸೋತು ಮನೆಗೆ ಹೋಗ್ತಾರೆ. ಹಂಚಿಬಿಡಿ."

"ಅದು ನನ್ನ ಕೆಲಸ ಅಲ್ಲ ಮಾರಾಯ."

"ದೊಡ್ಡ ಭಾವನ ಮನಸ್ಸಲ್ಲಿ ಯಾವ ಹನ್ನೊಂದು ಜನ ಇದ್ದಾರೆ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ತೊಂದರೆ ಬಂದದ್ದೇ ಅದರಿಂದ. ಗೊತ್ತಿಲ್ಲದವನಾಗಿದ್ದರೆ ಸುಮ್ಮನೆ ಇನ್ನೆರಡು ಸುತ್ತು ಓಡಿಸುತ್ತಿದ್ದ. ಸಣ್ಣ ಭಾವ ಗೇಟಿನ ಕಡೆ ನೋಡಿದ, ಸುಣ್ಣದ ಗಾಡಿಯ ಕಡೆ ನೋಡಿದ. ಭಾವ ಈಗ ಬಂದರೂ ಹಂಚುವುದರಲ್ಲೇ ಹೊತ್ತು ಹೋಗುತ್ತದೆ. ಹಂಚಿಟ್ಟಿದ್ದರೆ ಅವನು ಬಂದವನೇ ಕಾರ್ನರ್ ಕಿಕ್ಕು, ಫ್ರೀ ಕಿಕ್ಕು ಎಲ್ಲ ಮಾಡಿಸಬಹುದು. ಕೋಚು ಹೋದರು ಅನ್ನುವ ಮಾತಿಗೂ ತೆರೆ ಬೀಳುತ್ತದೆ, ಎಲ್ಲ ಎಂದಿನಂತೆ ನಡೆದಿದೆ ಎಂದು ಬೇಲಿಯವರಿಗೂ ಕಾಣುತ್ತದೆ. ಹೀಗೆ ಅವನು ಯೋಚಿಸಿದ್ದು ಭಾವನ ಒಳಿತಿಗೇ. ಅದರಲ್ಲಿ ಕಲ್ಮಶವಿರಲಿಲ್ಲ. ಇತ್ತೇ ಎಂದು ಅವನು ಆಮೇಲೆ ಎಷ್ಟೋ ದಿನ ತನ್ನೊಳಗೆ ಕೈಹಾಕಿ ಹುಡುಕಿದ, ಸಿಗಲಿಲ್ಲ. ಸಿಗಲಿಲ್ಲ ಎಂಬುದರಿಂದ ಉಪಯೋಗವೂ ಆಗಲಿಲ್ಲ.

ಚೀಲ ಹೆಗಲಿಗೇರಿಸಿದ.

ಮೊದಲ ಬನಿಯನ್ನು ಗೋಲ್‌ಕೀಪರಿಗೆ. ಅವನನ್ನು ಜನ ಜರಡಿ ಅನ್ನುತ್ತಿದ್ದರು, ಆದರೂ ಭಾವ ಅವನನ್ನು ಬಿಡುವವನಲ್ಲ. ಎರಡನೆಯದು ಗೂಟನಿಗೆ. ಹೀಗೆ ಒಬ್ಬೊಬ್ಬರ ಮುಂದೆಯೂ ನಿಂತು, ಇಲ್ಲಿ ಭಾವ ಏನು ಮಾಡುತ್ತಿದ್ದ ಎಂದು ಒಂದು ಗಳಿಗೆ ಯೋಚಿಸಿ, ಹಾಗೇ ಮಾಡಿದ. ಕೊನೆಗೆ ಗೋಲು ಹೊಡೆಯಲು ಮುಂದೆ ಆಡುವ ಇಬ್ಬರಲ್ಲಿ ಒಬ್ಬ ಹೊರಗುಳಿಯಬೇಕಾಗಿ ಬಂತು. ಒಬ್ಬ ಚುರುಕಿನ ಹೊಸಬ. ಇನ್ನೊಬ್ಬ 'ನಾಳೆ' ಎಂದು ಹೆಸರಾದವನು. ಗೋಲು ಯಾವಾಗ ಹೊಡೀತೀಯ ಎಂದರೆ ನಾಳೆ ಅನ್ನುವವನು. ಸಣ್ಣ ಭಾವನ ಕೈಗೆ ಬಿಟ್ಟಿದ್ದರೆ ಹೊಸಬನಿಗೇ ಕೊಡುತ್ತಿದ್ದ. ಆದರೆ ಭಾವನಿಗೆ ಹಳಬರ ಮೇಲೆ ಕರುಣೆ. ಬನಿಯನ್ನನ್ನು 'ನಾಳೆ'ಗೇ ಕೊಟ್ಟ. ಹೊಸಬನ ಹೆಗಲ ಮೇಲೆ ಕೈಯಿಟ್ಟು, ಥೇಟ್ ಭಾವನ ಹಾಗೆ ಕಿವಿಯ ಬಳಿ ಬಗ್ಗಿ, "ಬೇಜಾರು ಮಾಡ್ಕೋಬೇಡ, ನಿನ್ನ ಕಾಲು ಎಲ್ಲೂ ಓಡಿಹೋಗಲ್ಲ" ಅಂದ. ಬೇಲಿಯಾಚೆಯಿಂದ ಕ್ಯಾಮೆರಾಗಳು ಚಟಚಟ ಅಂದವು.

ಅಭ್ಯಾಸ ಅರ್ಧ ಆಗಿತ್ತು. ತಿರುಗಿ ನೋಡಿದರೆ ಗೇಟಿನ ಹತ್ತಿರ ದೊಡ್ಡ ಭಾವ.

ಬಾಡಿಗೆ ಕಾರಿನಿಂದ ಇಳಿದು ಓಡಿ ಬಂದವನ ಏದುಸಿರು, ಮುಖದ ಮೇಲೆ ಇನ್ನೂ ಆರದ ಒಂದು ಸಂತೋಷ. ಆ ಸಂತೋಷ ನಿಂತ ನಿಲುವಿನಲ್ಲೇ ಏನು ಮಾಡುವುದೆಂದು ತಿಳಿಯದೆ ಉಳಿದುಕೊಂಡಿತ್ತು. ಸಣ್ಣ ಭಾವ ಓಡಿದ.

"ಭಾವ, ಮೇಸ್ತ್ರಿ ಬೀಗ ಹಾಕ್ತೀನಿ ಅಂದ. ನಿನ್ನ ಫೋನೂ ಮನೇಲಿತ್ತು. ಅದಕ್ಕೇ..."

ದೊಡ್ಡ ಭಾವ ಅವನನ್ನು ದಾಟಿ ಮೈದಾನ ನೋಡುತ್ತಿದ್ದ. ಹಳದಿ ಬನಿಯನ್ನುಗಳನ್ನು ಒಂದೊಂದಾಗಿ ನೋಡಿಕೊಂಡು ಬಂದು 'ನಾಳೆ'ಯ ಮೇಲೆ ಕಣ್ಣು ನಿಲ್ಲಿಸಿದ.

"ಅವನಿಗೇ ಕೊಟ್ಟೆ."

"ನೀನಾಗಿದ್ರೆ ಅವನಿಗೇ ಕೊಡ್ತಿದ್ದೆ ಅಂತ..."

"ಹೌದು. ಅವನಿಗೇ ಕೊಡ್ತಿದ್ದೆ." ಇನ್ನೊಮ್ಮೆ ಮೈದಾನದ ಉದ್ದಕ್ಕೂ ನೋಡಿದ. "ಎಲ್ಲಾ ಸರಿಯಾಗೇ ಕೊಟ್ಟಿದ್ದೀಯ ಭಾವ. ಒಂದೂ ತಪ್ಪಿಲ್ಲ."

ತಪ್ಪಿದ್ದರೆ ಚೆನ್ನಾಗಿತ್ತು ಎಂದು ಸಣ್ಣ ಭಾವನಿಗೆ ಆಗಲೇ ಹೊಳೆಯಿತು. ಒಂದಾದರೂ ತಪ್ಪು ಕೈಗೆ ಹೋಗಿದ್ದರೆ ದೊಡ್ಡ ಭಾವ ಬೈದು, ಕಿತ್ತು, ಇನ್ನೊಬ್ಬನಿಗೆ ಕೊಟ್ಟು ಮತ್ತೆ ಕೋಚಾಗುತ್ತಿದ್ದ.

"ಆಫೀಸಲ್ಲಿ ಏನಂದ್ರು?"

"ವರಾಂಡದ ಬೆಂಚಿನ ಮೇಲೆ ಕೂರಿಸಿದ್ರು, ಕೂರಿಸಿದ್ರು. ಆಮೇಲೆ ಒಳಗೆ ಕರೆದು, ನಾಳಿನ ಪಂದ್ಯ ನೀವೇ ನಡೆಸಿ ಅಂದ್ರು. ಅದನ್ನೇ ಹೇಳೋಣ ಅಂತ ಓಡಿಬಂದೆ."

ಅಷ್ಟರಲ್ಲಿ ಗೂಟ ದೂರದಿಂದ ಕೂಗಿದ. "ಕಾರ್ನರ್ ಹೊಡೆಯೋವಾಗ ನಾನು ಮುಂದೆ ಹೋಗಲಾ, ಹಿಂದೆ ನಿಲ್ಲಲಾ?" ಕೇಳಿದ್ದು ಸಣ್ಣ ಭಾವನನ್ನು. ದೊಡ್ಡ ಭಾವನ ಬಾಯಿ ತೆರೆದಿತ್ತು, ಮುಚ್ಚಿತು. ಸಣ್ಣ ಭಾವ, "ಭಾವನ್ನ ಕೇಳು" ಅಂದ. ಆ ಮಾತು ಕೇಳಲು ಎಷ್ಟು ಕೆಟ್ಟದಾಗಿತ್ತೆಂದರೆ, ಭಿಕ್ಷೆ ಹಾಕಿದ ಹಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಫೋಟೋ ಎಲ್ಲರ ಫೋನಿನಲ್ಲೂ ಇತ್ತು. ಹೆಗಲಿಗೆ ಚೀಲ, ಹೊಸಬನ ಹೆಗಲ ಮೇಲೆ ಕೈ. ಕೆಳಗೆ, 'ಹಂಚುವ ಕೈ ಬದಲಾಯಿತು.' ಊಟ ಮುಗಿಸುವಷ್ಟರಲ್ಲಿ ಕಾರ್ಯದರ್ಶಿಯ ಕರೆ ಬಂತು, ಈ ಸಲ ಸಣ್ಣ ಭಾವನಿಗೆ. ಅವನನ್ನು ವರಾಂಡದಲ್ಲಿ ಕೂರಿಸಲಿಲ್ಲ.

ಕಾರ್ಯದರ್ಶಿ ಹಲ್ಲುನೋವಿನವನು. ಲವಂಗ ಕಚ್ಚಿಕೊಂಡೇ ಮಾತಾಡುತ್ತಿದ್ದ. ಹಾಗಾಗಿ ಅವನ ಎಲ್ಲ ಮಾತೂ ಮೆತ್ತಗೆ, ಕೆನ್ನೆಯ ಒಂದು ಮಗ್ಗುಲಿಂದ ಬರುತ್ತಿತ್ತು.

"ನೋಡಿ, ಬೆಳಿಗ್ಗೆ ತನಕ ನಮಗಿದ್ದ ಕಷ್ಟ ಒಂದೇ. ಅವರನ್ನ ತೆಗೆದ್ರೆ ಯಾರನ್ನ ಇಡೋದು? ಹುಡುಗರು ನಿಮ್ಮ ಮಾತು ಕೇಳಲ್ಲ ಅಂದ್ಕೊಂಡಿದ್ವಿ. ಫೋಟೋ ನೋಡಿದ್ವಿ. ಕೇಳ್ತಾರೆ."

"ಸಾರ್, ಅದು ಹಾಗಲ್ಲ. ಹೊತ್ತಾಗಿತ್ತು. ನಾನು ಹಂಚಿದ್ದು ಅವರ ತಂಡವನ್ನೇ. ಒಂದು ಹೆಸರೂ ನನ್ನದಲ್ಲ."

"ಯಾರದಾದ್ರೇನು? ಹಂಚಿದ್ರಲ್ಲ."

"ನನಗೆ ಬೇಡ ಸಾರ್. ನಾಳೆ ಒಂದು ದಿನ ಅವರೇ ಇರಲಿ."

"ನಾಳೆ ಸೋತ್ರೆ ಜನ ಕೇಳೋದು, ಬೇರೆಯವನು ಸಿದ್ಧನಿದ್ದಾಗ ಯಾಕೆ ಬದಲಾಯಿಸಲಿಲ್ಲ ಅಂತ. ಬದಲಾಯಿಸಿ ಸೋತ್ರೆ ಯಾರೂ ಕೇಳಲ್ಲ." ಕಾರ್ಯದರ್ಶಿ ಲವಂಗವನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಬದಲಾಯಿಸಿದ. "ಅಧ್ಯಕ್ಷರು ಪತ್ರಿಕೆಯವರಿಗೆ ಆಗಲೇ ಹೇಳಿ ಆಯ್ತು. ಇನ್ನು ನೀವೂ ಬೇಡ ಅಂದ್ರೆ ಬೆಂಚಿನ ಮೇಲೆ ನಾನೇ ಕೂರಬೇಕು. ಆಫ್‌ಸೈಡ್ ಅಂದ್ರೇನು ಅಂತ ನನಗೆ ಈ ಹೊತ್ತಿಗೂ ಅರ್ಥ ಆಗಿಲ್ಲ."

ನಗಬೇಕೆಂದು ಅವನು ಕಾದ. ಸಣ್ಣ ಭಾವ ನಗಲಿಲ್ಲ.

"ಭಾವನಿಗೆ ಯಾರು ಹೇಳ್ತಾರೆ?"

"ಹೇಗೂ ಒಂದೇ ಮನೆಯವರಲ್ವಾ ನೀವು" ಅಂದ ಕಾರ್ಯದರ್ಶಿ. ಅದನ್ನು ಅನುಕೂಲದ ಸಂಗತಿ ಎಂಬಂತೆಯೇ ಅಂದ.

ಹೇಳುವ ಅಗತ್ಯ ಬೀಳಲಿಲ್ಲ. ಸಣ್ಣ ಭಾವ ಮನೆ ಮುಟ್ಟಿದಾಗ ಕೆಳಗಿನ ಟಿ.ವಿ. ಎಲ್ಲವನ್ನೂ ಹೇಳಿ ಮುಗಿಸಿ ಸೋಪಿನ ಜಾಹೀರಾತಿಗೆ ಬಂದಿತ್ತು. ದೊಡ್ಡ ಭಾವ ಮೆಟ್ಟಿಲ ಕೆಳಗಿನ ತನ್ನ ಕುರ್ಚಿಯಲ್ಲಿದ್ದ. ಸಣ್ಣ ಭಾವ ಎಂದಿನಂತೆ ಕೆಳಗಿನ ಮೆಟ್ಟಿಲ ಮೇಲೆ ಕೂರಲು ಹೋಗಿ, ಕೂರದೆ ನಿಂತ.

"ನಾನು ಬೇಡ ಅಂದೆ ಭಾವ."

"ಅಂದಿರ್ತೀಯ. ನಿನ್ನ ನನಗೆ ಗೊತ್ತಿಲ್ವಾ?"

"ನೀನು ಕೂರಬೇಡ ಅನ್ನು. ಈಗಲೇ ಹೋಗಿ ಬಿಸಾಕಿ ಬರ್ತೀನಿ."

ದೊಡ್ಡ ಭಾವ ಅಂಗೈ ನೋಡಿಕೊಂಡ. "ಅದನ್ನೂ ನಾನೇ ಹೇಳಬೇಕಾ? ಬೆಳಿಗ್ಗೆ ಹಂಚುವಾಗ ಕೇಳಲಿಲ್ಲ."

"ಕೇಳೋಣ ಅಂತಲೇ ಫೋನು..."

"ಗೊತ್ತು. ಅಮ್ಮ ಹೇಳಿದ್ಳು. ನೀನು ಕೆಟ್ಟದ್ದಕ್ಕೆ ಮಾಡಲಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು ಭಾವ. ಕೆಟ್ಟದ್ದಕ್ಕೆ ಮಾಡಿದ್ರೆ ಜಗಳ ಆಡಬಹುದಿತ್ತು. ನಾನಿಲ್ಲದೆ ಹನ್ನೊಂದು ಜನ ನಿಂತ್ರು, ಅದೂ ನಾನು ನಿಲ್ಲಿಸಿದ ಹಾಗೇ. ಅದರ ಮೇಲೆ ಯಾರ ಜೊತೆ ಜಗಳ ಆಡಲಿ?" ಎದ್ದು ನಿಂತ. "ಹುಡುಗರನ್ನ ಒಂಟಿ ಮಾಡಬೇಡ. ಹೋಗಿ ಕೂರು. ಆದರೆ ಭಾವನೇ ಹೇಳಿದ ಅಂತ ಸಮಾಧಾನ ಮಾಡ್ಕೋಬೇಡ."

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದ. ಸದ್ದಾಗದ ಹಾಗೆ.

ಮೇಲೆ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಆ ಮನೆಯಲ್ಲಿ ಕೇಳಿಸದಿರುವುದು ಯಾವುದೂ ಇರಲಿಲ್ಲ.

"ಕೂರ್ತೀರಾ?"

"ಏನು ಮಾಡಲಿ ಹೇಳು."

"ಮಾತು ಕೊಟ್ಟಿದ್ರಿ."

"ಕೂರದಿದ್ರೂ ನಿನ್ನ ಅಣ್ಣನಿಗೆ ಆ ಜಾಗ ವಾಪಸ್ಸು ಸಿಗಲ್ಲ. ಹುಡುಗರು ನಾಳೆ..."

"ನೀವು ಬೆನ್ನಿಗೆ ಚೂರಿ ಹಾಕಿದವರಲ್ಲ ಅಂತ ನನಗೆ ಗೊತ್ತು ಕಣ್ರೀ" ಅಂದಳು ಅವಳು, ತಟ್ಟೆ ಇಡುತ್ತ. "ಆದರೆ ನನಗೆ ಗೊತ್ತಿದ್ದು ಏನು ಬಂತು? ಕೌಂಟರಿನ ಮುಂದೆ ಸಾಲು ನಿಲ್ಲೋರಿಗೆ ಗೊತ್ತಿಲ್ಲ."

ಮಗಳು ಪುಸ್ತಕದಿಂದ ತಲೆಯೆತ್ತಿ ಕೇಳಿದಳು. "ನಾಳೆ ಮಾವ ನಮ್ಮ ಜೊತೆ ಕೂತು ಮ್ಯಾಚ್ ನೋಡ್ತಾರಾ?"

ಮರುದಿನ ಮಧ್ಯಾಹ್ನ ಕ್ರೀಡಾಂಗಣ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಸೋಲುವುದನ್ನು ನೋಡಲೂ ಜನ ಬರುತ್ತಾರೆ. ಸಣ್ಣ ಭಾವ ಬೆಂಚಿನ ತುದಿಯಲ್ಲಿ, ಯಾವಾಗಲೂ ಕೂರುತ್ತಿದ್ದ ಜಾಗದಲ್ಲೇ ಕೂತ. ಪಕ್ಕದ ಜಾಗ ಖಾಲಿ ಬಿಟ್ಟ. ಗೋಲ್‌ಕೀಪರುಗಳ ತರಬೇತುದಾರ ನೀರಿನ ಬಾಟಲಿಗಳನ್ನು ಆ ಜಾಗದಲ್ಲಿಟ್ಟ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಎಡಗಡೆ ಸೋರತೊಡಗಿತು. ಅದು ಅವನಿಗೆ ಎಲ್ಲರಿಗಿಂತ ಮೊದಲು ಕಂಡಿತು. ಕಂಡಕೂಡಲೇ ಬಲಕ್ಕೆ ಬಾಗಿ, "ಎಡಗಡೆ ಭಾವ" ಎಂದು ಪಿಸುಗುಟ್ಟಿದ. ಬಾಟಲಿಗಳು ಸುಮ್ಮನಿದ್ದವು.

ಈಗ ಏಳಬೇಕು, ಕೂಗಬೇಕು. ಒಬ್ಬನನ್ನು ಹಿಂದಕ್ಕೆ ಕರೆದರೆ ಸೋರುವುದು ನಿಲ್ಲುತ್ತದೆ, ಆದರೆ ಮುಂದೆ 'ನಾಳೆ' ಒಂಟಿಯಾಗುತ್ತಾನೆ. ಕರೆಯದಿದ್ದರೆ ಗೋಲು. ಎರಡೂ ಕಾಣುತ್ತಿತ್ತು. ಎರಡೂ ಕಾಣುವುದು ಒಂದು ಕೆಲಸ, ಎರಡರಲ್ಲಿ ಒಂದನ್ನು ಬಿಸಾಡುವುದು ಬೇರೆಯೇ ಕೆಲಸ ಎಂದು ಅವನಿಗೆ ಇಷ್ಟು ವರ್ಷಕ್ಕೆ ಈಗ ಗೊತ್ತಾಯಿತು. ಆ ಬಿಸಾಡುವುದನ್ನೆಲ್ಲ ಭಾವ ಅವನ ಪಾಲಿಗೂ ಸೇರಿಸಿ ಮಾಡುತ್ತ ಬಂದಿದ್ದ. ಎದ್ದ. ಕೂತ. ಮತ್ತೆ ಎದ್ದಾಗ ಚೆಂಡು ಜರಡಿಯ ಕೈ ದಾಟಿ ಬಲೆಯಲ್ಲಿತ್ತು.

"ಹಂಚಪ್ಪಾ, ಇನ್ನಷ್ಟು ಹಂಚು" ಎಂದು ಹಿಂದಿನಿಂದ ಯಾರೋ ಕೂಗಿದರು. ಆ ಸಾಲೆಲ್ಲ ನಕ್ಕಿತು. ಆಮೇಲೆ ಗೋಲು ಬಿದ್ದಾಗಲೆಲ್ಲ ಇಡೀ ಗ್ಯಾಲರಿ ಅದನ್ನೇ ಕೂಗಿತು. ಮೂರು ಸಲ ಕೂಗುವ ಅವಕಾಶ ಸಿಕ್ಕಿತು. ಕೊನೆಗೆ ಹೊಸಬನನ್ನು ಆಡಲು ಕಳಿಸಿದ. ಅವನು ಒಂದು ಸಲ ಚೆಂಡನ್ನು ಕಂಬಕ್ಕೆ ಹೊಡೆದ. ಮೊದಲೇ ಕಳಿಸಿದ್ದರೆ ಏನಾಗುತ್ತಿತ್ತೋ. ಏನೂ ಆಗುತ್ತಿರಲಿಲ್ಲವೋ ಏನೋ.

ಡ್ರೆಸಿಂಗ್ ರೂಮಿನಲ್ಲಿ ಗೂಟ ಬೂಟಿನ ದಾರ ಬಿಚ್ಚುತ್ತ, ತಲೆಯೆತ್ತದೆ, "ನಾನು ಹಂಚಿ ಅನ್ನಬಾರದಿತ್ತು" ಅಂದ. ಸಣ್ಣ ಭಾವ ಅವನ ಹೆಗಲ ಮೇಲೆ ಕೈಯಿಡಲು ಹೋದ. ಅದು ಯಾರ ಕೈಯೆಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡ. ಕಾರ್ಯದರ್ಶಿ ಬಾಗಿಲಲ್ಲಿ ಇಣುಕಿ, "ಸದ್ಯಕ್ಕೆ ನೀವೇ ಮುಂದುವರೀರಿ, ಬೇರೆಯವರು ಸಿಗೋ ತನಕ" ಎಂದು ಹೋದ.

ಸಂಜೆ ಬಿಸಿಲು ಇನ್ನೂ ಇರುವಾಗಲೇ ಸಣ್ಣ ಭಾವ ಚೀಲ ಹೊತ್ತು ಮನೆಗೆ ಬಂದ. ಪಂದ್ಯ ಮುಗಿದ ಮೇಲೆ ಚೀಲವನ್ನು ಕೆಳಗಿನ ಹೊಸ್ತಿಲ ಬಳಿ ಇಟ್ಟು ಮೇಲೆ ಹೋಗುವುದು ವಾಡಿಕೆ. ಕಾಲು ತಾನಾಗಿ ಅಲ್ಲಿಗೇ ಬಂದು ನಿಂತಿತು. ಇಡಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗ ಅತ್ತೆ ಬಾಗಿಲು ತೆಗೆದಳು. ಮುಖ ನೋಡಿದಳು, ಚೀಲ ನೋಡಿದಳು.

"ತನ್ನಿ ಇಲ್ಲಿ" ಎಂದು ಕೈಚಾಚಿದಳು.

ಒಳಗಿನಿಂದ ದೊಡ್ಡ ಭಾವನ ದನಿ ಬಂತು. ಕೋಪವಿರಲಿಲ್ಲ. "ಅಮ್ಮಾ, ಅದು ಫೆಡರೇಶನ್ನಿನ ಸಾಮಾನು. ಇನ್ನು ನಮಗೇನು ಸಂಬಂಧ? ತಗೋಬೇಡ."

ಮುದುಕಿಯ ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಆಮೇಲೆ ಒಳಗೆ ಹೋದಳು. ಸಣ್ಣ ಭಾವ ಮೆಟ್ಟಿಲ ಕಡೆ ತಿರುಗುವಷ್ಟರಲ್ಲಿ ವಾಪಸ್ಸು ಬಂದು, ಅರ್ಧ ಸವೆದ ಬಾರ್ ಸೋಪನ್ನು ಅವನ ಅಂಗೈಯಲ್ಲಿಟ್ಟಳು.

"ಕಂಕುಳಲ್ಲಿ ಜಾಸ್ತಿ ತಿಕ್ಕಿ. ಬಿಸಿನೀರು ಹಾಕಬೇಡಿ, ಬಣ್ಣ ಬಿಡ್ತದೆ" ಎಂದು ಮೆಲ್ಲಗೆ ಹೇಳಿ ಬಾಗಿಲು ಹಾಕಿಕೊಂಡಳು.

ಮೇಲಿನ ಬಾಲ್ಕನಿಯಲ್ಲಿ ಬಕೆಟ್ ಇಟ್ಟುಕೊಂಡು ಅವನು ಒಗೆಯತೊಡಗಿದ. ಹೆಂಡತಿ ಬಂದು, "ಬಿಡಿ, ನಾನು ಮಾಡ್ತೀನಿ" ಅಂದಳು. ಬಿಡಲಿಲ್ಲ. ಅವಳೂ ಎರಡನೇ ಸಲ ಕೇಳಲಿಲ್ಲ. ಒಂದೊಂದೇ ಬನಿಯನ್ನನ್ನು ಹಿಂಡಿ ತಂತಿಯ ಮೇಲೆ ಹಾಕುತ್ತ ಬಂದ. ಗೋಲ್‌ಕೀಪರಿನದು, ಗೂಟನದು, ಎಡಗಡೆಯವನದು. ಎಲ್ಲ ಒಂದೇ ಥರದವು. ಆದರೂ ಯಾವುದು ಯಾರದೆಂದು ಅವನಿಗೆ ಗೊತ್ತಿತ್ತು.

ಕೆಳಗೆ ಬಾಗಿಲು ತೆರೆದ ಸದ್ದಾಯಿತು. ದೊಡ್ಡ ಭಾವ ಎಂದಿನಂತೆ ಬಂದು ತನ್ನ ಕುರ್ಚಿಯಲ್ಲಿ ಕೂತ. ಸಣ್ಣ ಭಾವ ಕೈಯಲ್ಲಿದ್ದ ಬನಿಯನ್ನನ್ನು ಹಾಗೇ ಹಿಡಿದು ನಿಂತ. ಮೇಲಿನಿಂದ ಭಾವನ ನೆತ್ತಿ ಕಾಣುತ್ತಿತ್ತು, ಅಲ್ಲಿ ಕೂದಲು ಇಷ್ಟು ತೆಳ್ಳಗಾದದ್ದು ಅವನು ನೋಡಿರಲಿಲ್ಲ. 'ಭಾವಾ' ಎಂದು ಒಂದು ಸಲ ಕರೆದರೆ ಸಾಕು, ರೂಢಿಯಿಂದಲಾದರೂ 'ಏನು ಭಾವಾ' ಎಂದು ಉತ್ತರ ಬಂದುಬಿಡಬಹುದು ಎನಿಸಿತು. ಕರೆದ. ದನಿ ಪಿಸುಮಾತಿನಷ್ಟೇ ಬಂತು. ಅವನಿಗೆ ಇಷ್ಟು ವರ್ಷ ಅಭ್ಯಾಸವಾಗಿದ್ದದ್ದು ಅಷ್ಟೇ.

ತಂತಿಯ ಮೇಲಿನ ಬನಿಯನ್ನುಗಳಿಂದ ನೀರು ತೊಟ್ಟಿಕ್ಕಿ ದೊಡ್ಡ ಭಾವನ ಹೆಗಲ ಮೇಲೆ ಬಿತ್ತು. ಅವನು ಮೇಲೆ ನೋಡಲಿಲ್ಲ. ಎದ್ದು, ಕುರ್ಚಿಯನ್ನು ನೀರು ಬೀಳದಷ್ಟು ದೂರ, ಗೋಡೆಯ ಆ ಮಗ್ಗುಲಿಗೆ ಎಳೆದುಕೊಂಡು ಕೂತ. ಅಲ್ಲಿಂದ ಮೆಟ್ಟಿಲು ಕಾಣುವುದಿಲ್ಲ.

ಸಣ್ಣ ಭಾವ ತಂತಿಯ ಮೇಲಿದ್ದವನ್ನೆಲ್ಲ ಒಂದೊಂದಾಗಿ ತೆಗೆದು, ಇನ್ನೊಮ್ಮೆ ಗಟ್ಟಿಯಾಗಿ ಹಿಂಡಿ, ಒಳಗಿನ ಕೋಣೆಯಲ್ಲಿ ಕುರ್ಚಿಗಳ ಬೆನ್ನಿನ ಮೇಲೆ ಹರವಿದ. ಹರವಿದ ಮೇಲೆ, ಹೊರಗೆ ತಂತಿಯ ಮೇಲೆ ಒಂದೂ ಉಳಿದಿಲ್ಲವೆಂದು ಮತ್ತೆ ಹೋಗಿ ನೋಡಿದ.